ಫೈಲಿನ ಮೊದಲ ಪುಟ

ಮೇಡಂ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಲು ಶುರುಮಾಡಿದರೆ, ಎದುರಿಗೆ ಕೂತವರು ತಾವು ಕೇಳಲು ಬಂದದ್ದನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಎದ್ದು ಹೋಗಬಹುದಿತ್ತು. ಒಂದು ಸಲ ಬಿಟ್ಟರೆ, ಅವರು ಯಾರಿಗೂ ಬಾಯಿಬಿಟ್ಟು 'ಆಗಲ್ಲ' ಅಂದದ್ದನ್ನು ನಾನು ಕೇಳಿಲ್ಲ. ಮೊದಲು ಎಡಗಣ್ಣಿನ ಗಾಜು, ಆಮೇಲೆ ಬಲಗಣ್ಣಿನದು. ಎರಡನೆಯದು ಮುಗಿಯುವಷ್ಟರಲ್ಲಿ ಎದುರಿನವರೇ, "ಬಿಡಿ ಮೇಡಂ, ಬೇರೆ ದಾರಿ ನೋಡೋಣ" ಅನ್ನುತ್ತಿದ್ದರು.

ಹೀಗೆ ಬರೆದ ಕೂಡಲೇ ಅನುಮಾನ ಶುರುವಾಗುತ್ತದೆ. ಎಡಗಣ್ಣು ಮೊದಲೋ ಬಲಗಣ್ಣೋ? ನಾನು ನೋಡಿದ್ದೋ, ಹೇಳುತ್ತಾ ಹೇಳುತ್ತಾ ಸೇರಿಸಿಕೊಂಡದ್ದೋ? ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದು ಎಂದು ಅಲ್ಲಿ ಕಲಿಸಿದ್ದರು. ಆ ಒಬ್ಬ ಸಾಕ್ಷಿ ನಾನೇ ಆದಾಗ ಏನು ಮಾಡಬೇಕು ಅಂತ ಕಲಿಸಿರಲಿಲ್ಲ.

ಮೇಡಂ ಹೋದ ತಿಂಗಳು ತೀರಿಕೊಂಡರು. ಅವರ ಕೈಕೆಳಗೆ ಕೆಲಸ ಕಲಿತವರೆಲ್ಲ ಸೇರಿ ಒಂದು ಚಿಕ್ಕ ಪುಸ್ತಕ ತರುತ್ತಿದ್ದಾರೆ, ನೀವೂ ನಾಲ್ಕು ಪುಟ ಬರೆದುಕೊಡಿ ಎಂದು ಅವರ ಗುಮಾಸ್ತರು ಫೋನ್ ಮಾಡಿದರು. ನಾಲ್ಕು ವರ್ಷ ಜೂನಿಯರ್ ಆಗಿದ್ದವನು ನಾನು. ಆಮೇಲೆ ವಕೀಲಿ ಬಿಟ್ಟೆ, ಸಂಶೋಧನೆಗೆ ಸೇರಿ ಅದನ್ನೂ ಬಿಟ್ಟೆ, ಈಗ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಲ್ಲಿಯೂ ನಿಲ್ಲದ ನನಗೆ ನಿಂತು ಹೇಳಿಕೊಳ್ಳಲು ಇದ್ದದ್ದು ಮೇಡಂ ಬಗೆಗಿನ ಒಂದು ಕಥೆ ಮಾತ್ರ. ಅದನ್ನೇ ಒಂದೇ ಉಸಿರಿಗೆ ಬರೆದು ಗುಮಾಸ್ತರಿಗೆ ಕೊಟ್ಟೆ. ಈಗ ನೀವು ಓದುತ್ತಿರುವುದು ಅದಲ್ಲ, ಎರಡನೆಯ ಸಲ ಬರೆದದ್ದು.

ಚಾಮರಾಜಪೇಟೆಯಲ್ಲಿ ಅವರದು ಮಹಡಿಯ ಮೇಲೆ ಮನೆ, ಕೆಳಗೆ ಆಫೀಸು. ಹೊರಗಿನ ಬೋರ್ಡಿನಲ್ಲಿ ಹೆಸರು, ಡಿಗ್ರಿ, ಇಷ್ಟೇ. ಒಳಗೆ ನಡೆಯುತ್ತಿದ್ದದ್ದು ಕಂಪನಿಗಳ ಮಾರಾಟ, ಕೊಳ್ಳುವಿಕೆ, ಒಪ್ಪಂದ, ಷೇರುದಾರರ ಜಗಳ. ಕಕ್ಷಿದಾರರು ಹೆಚ್ಚಾಗಿ ಸುತ್ತಮುತ್ತಲಿನ ಪೇಟೆಗಳವರು. ತಾತನ ಹೆಸರಿಗೆ ಬಾಲದ ಹಾಗೆ 'ಪ್ರೈವೇಟ್ ಲಿಮಿಟೆಡ್' ಅಂಟಿಸಿಕೊಂಡ ಮನೆತನಗಳು. ಊದುಬತ್ತಿ, ಬಸ್ಸಿನ ಬಿಡಿಭಾಗ, ಪಾತ್ರೆ, ಕಾಗದ. ಮೇಡಂ ಈ ಕೆಲಸಕ್ಕೆ ಇಳಿದ ಕಾಲದಲ್ಲಿ ಹಿರಿಯ ವಕೀಲರೊಬ್ಬರು, "ಹೆಂಗಸರಿಗೆ ಕಂಪನಿ ಕಾನೂನು ಯಾಕಮ್ಮಾ? ಡೈವೋರ್ಸ್ ಕೇಸು ಮಾಡು, ಜನ ಬರ್ತಾರೆ" ಅಂದಿದ್ದರಂತೆ. ಅದನ್ನು ಮೇಡಂ ನಗುತ್ತಾ ಹೇಳುತ್ತಿದ್ದರು. "ನಲವತ್ತು ವರ್ಷದಿಂದ ಅದನ್ನೇ ಮಾಡ್ತಿದೀನಿ. ಗಂಡ ಹೆಂಡತಿ ಬದಲು ಅಣ್ಣ ತಮ್ಮ."

ನಾನು ಸೇರಿದ ದಿನ ಅವರು ಕಾನೂನಿನ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ಮನೆ ಎಲ್ಲಿ?"

"ಓಕಳಿಪುರಂನಲ್ಲಿ ರೂಮು ಮೇಡಂ. ಮೊದಲು ಅಲ್ಲೇ ಮನೆ ಇತ್ತು. ಅಪ್ಪ ರೈಲ್ವೆಯಲ್ಲಿದ್ರು."

"ಇದ್ರು ಅಂದ್ರೆ?"

"ಹೋದ ವರ್ಷ ತೀರಿಕೊಂಡ್ರು." ತಾರೀಖು ಕೇಳಿದರು, ಹೇಳಿದೆ.

"ಎಷ್ಟು ಹೊತ್ತಿಗೆ?"

"ಬೆಳಿಗ್ಗೆ ಏಳಕ್ಕೆ." ಹೊತ್ತು ಯಾಕೆ ಬೇಕು ಅಂತ ನನಗೆ ಹೊಳೆಯಲಿಲ್ಲ.

"ಕಾರ್ಯ ಎಲ್ಲ ನೀನೇ ಮಾಡಿದ್ಯಾ?"

"ತಮ್ಮ ಮಾಡ್ದ. ತುಮಕೂರಿನಲ್ಲಿದಾನೆ, ಅಮ್ಮನೂ ಅಲ್ಲೇ. ನನಗೆ ಅದರಲ್ಲೆಲ್ಲ ನಂಬಿಕೆ ಇಲ್ಲ ಮೇಡಂ. ಸತ್ತವರು ಊಟಕ್ಕೆ ಬರಲ್ಲ. ಅವರೂ ಈಗ ನನಗೆ ಹೇಳೋದು ಬಿಟ್ಟಿದಾರೆ."

ಇಪ್ಪತ್ತಾರರ ವಯಸ್ಸಿನಲ್ಲಿ ಇಂಥ ಮಾತು ಆಡುವಾಗ ಗಂಟಲಲ್ಲಿ ಒಂದು ಹೆಮ್ಮೆ ಇರುತ್ತದೆ. ಮೇಡಂ ನನ್ನ ಕಾಲಿನ ಕಡೆ ನೋಡಿದರು. "ನಾಳೆಯಿಂದ ಬಾ. ಕಪ್ಪು ಶೂ ಹಾಕ್ಕೋ. ಇದು ಆಟ ಆಡೋ ಶೂ" ಅಂದರು.

ಅವರ ಕೆಲಸದ ರೀತಿಯಲ್ಲಿ ನನಗೆ ಮೊದಲು ನಗು ತರಿಸಿದ್ದು, ಆಮೇಲೆ ತಲೆಬಾಗಿಸಿದ್ದು, ಒಂದೇ. ಪ್ರತಿ ಫೈಲಿನ ಮೊದಲ ಪುಟ. ಒಪ್ಪಂದ, ಬ್ಯಾಲೆನ್ಸ್ ಶೀಟು, ಅರ್ಜಿ ಎಲ್ಲದಕ್ಕಿಂತ ಮುಂಚೆ ಒಂದು ಬಿಳಿ ಹಾಳೆ. ಅದಕ್ಕೆ ಅವರು 'ಮನೆ ಪುಟ' ಅನ್ನುತ್ತಿದ್ದರು. ಆ ಮನೆತನದಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರು ಯಾವಾಗ ಹುಟ್ಟಿದರು, ಯಾರು ಯಾವ ತಿಥಿಯಂದು ಹೋದರು, ಯಾರ ಮನೆಯಲ್ಲಿ ಯಾರು ನೀರೂ ಕುಡಿಯುವುದಿಲ್ಲ. ಒಂದು ಪಾತ್ರೆ ಕಂಪನಿಯ ಪುಟದಲ್ಲಿ ಹೀಗಿತ್ತು: 'ದೊಡ್ಡಮ್ಮನಿಗೆ ಕಿವಿ ಕೇಳುವುದಿಲ್ಲ ಎನ್ನುತ್ತಾರೆ. ಷೇರಿನ ಮಾತು ಬಂದಾಗ ಕೇಳುತ್ತದೆ.'

"ಇದು ವಕೀಲರ ಆಫೀಸೋ ಮದುವೆ ಬ್ರೋಕರ್ ಆಫೀಸೋ ಮೇಡಂ?" ಅಂತ ಒಮ್ಮೆ ಕೇಳಿದ್ದೆ.

"ಮದುವೆ ಬ್ರೋಕರ್‌ಗೆ ಇಷ್ಟು ವಿವರ ಬೇಡ ಕಣಪ್ಪಾ. ಅವನಿಗೆ ಒಂದು ದಿನದ ಕೆಲಸ."

ಅವರ ಮೇಜಿನ ಹಿಂದೆ ಒಂದು ಮೊಳೆ. ಅದಕ್ಕೆ ದಾರದಲ್ಲಿ ಪೋಣಿಸಿದ ಹಳೆಯ ಪಂಚಾಂಗಗಳು, ಎಷ್ಟೋ ವರ್ಷದವು. ಯಾವುದೇ ಕಾಗದದಲ್ಲಿ ತಾರೀಖು ಕಂಡರೂ ಅವರು ಕುರ್ಚಿ ತಿರುಗಿಸಿ ಆ ಕಟ್ಟನ್ನು ತೆಗೆಯುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು. "ಮುಹೂರ್ತ ನೋಡಿ ಕೇಸು ಹಾಕ್ತೀರಾ ಮೇಡಂ?"

"ಮುಹೂರ್ತ ನೋಡೋದು ಪುರೋಹಿತರ ಕೆಲಸ. ನಾನು ಆವತ್ತು ಜನ ಎಲ್ಲಿದ್ರು ಅಂತ ನೋಡ್ತೀನಿ."

"ಅದು ಮೊಬೈಲಿನಲ್ಲೇ ಸಿಗುತ್ತೆ."

"ಸಿಗಲಿ. ಮೊಬೈಲಿನ ಅಂಚಿನಲ್ಲಿ ಪೆನ್ಸಿಲಲ್ಲಿ ಬರೆಯೋಕಾಗುತ್ತಾ?"

ಅವರಿಗೆ ದೇವರಲ್ಲಿ ನಂಬಿಕೆ ಇತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆಫೀಸಿನಲ್ಲಿ ಒಂದು ಪಟವಿರಲಿಲ್ಲ. ಇದ್ದದ್ದು ಪಂಚಾಂಗ, ಕಾನೂನಿನ ಪುಸ್ತಕ, ಸ್ಟೀಲಿನ ಫ್ಲಾಸ್ಕು.

ಆ ಫ್ಲಾಸ್ಕು ಹಿಡಿದುಕೊಂಡೇ ಅವರು ದೊಡ್ಡ ಹೋಟೆಲಿನ ಸಭೆಗಳಿಗೂ ಬರುತ್ತಿದ್ದರು. ಬಸ್ಸಿನ ಬಿಡಿಭಾಗ ಮಾಡುವ ಒಂದು ಮನೆತನ ತನ್ನ ಕಂಪನಿಯನ್ನು ಹೊರಗಿನವರಿಗೆ ಮಾರುವ ಮಾತುಕತೆ. ಆ ಕಡೆ ಬಾಂಬೆಯಿಂದ ಬಂದ ಆರು ಜನ ವಕೀಲರು, ಆರು ಲ್ಯಾಪ್‌ಟಾಪು. ಈ ಕಡೆ ಮೇಡಂ, ನಾನು, ಫ್ಲಾಸ್ಕು. ತೊಂಬತ್ತು ಪುಟದ ಒಪ್ಪಂದ. ಮೇಡಂ ಕಾಗದ ತೆರೆಯಲೇ ಇಲ್ಲ. ಕಾಫಿ ಬಗ್ಗಿಸಿಕೊಳ್ಳುತ್ತಾ, "ಅರವತ್ತಮೂರನೇ ಪುಟ, ಕೆಳಗಿನ ಪ್ಯಾರಾ. ಮಾರುವವರು ಹೇಳಿದ ಯಾವುದಾದರೂ ಮಾತು ತಪ್ಪಾದರೆ ಏಳು ವರ್ಷ ಎಲ್ಲರೂ ಸ್ವಂತ ಆಸ್ತಿಯಿಂದ ತುಂಬಿಕೊಡಬೇಕು ಅಂತಿದೆ. ಈ ಏಳು ವರ್ಷ ಯಾರ ಭಯ?" ಅಂದರು.

ಎದುರಿನ ಹುಡುಗಿ, ಇದು ಎಲ್ಲ ಒಪ್ಪಂದದಲ್ಲೂ ಇರುವ ಮಾಮೂಲಿ ಷರತ್ತು ಅಂದಳು.

"ಮಾಮೂಲಿ ಅಂದ್ರೆ ಯಾರೂ ಓದಿಲ್ಲ ಅಂತ ಅರ್ಥ. ಸಹಿ ಮಾಡೋರಲ್ಲಿ ಈ ಮನೆಯ ಅಜ್ಜಿಯೂ ಇದಾರೆ. ಎಂಬತ್ತೊಂದು ವಯಸ್ಸು. ನೀವು ಅವರಿಗೆ ಇನ್ನೂ ಏಳು ವರ್ಷ ಆಯುಷ್ಯ ಕೊಡ್ತಿರೋದು ಸಂತೋಷ. ಜೊತೆಗೆ ಭಯ ಕೊಡಬೇಡಿ."

ಅಜ್ಜಿಯ ಹೆಸರು ಆ ಷರತ್ತಿನಿಂದ ಹೊರಬಂತು. ಏಳು ವರ್ಷ ಎರಡಾಯಿತು. ವಾಪಸ್ ಬರುವಾಗ ಆಟೋದಲ್ಲಿ ಅವರು ಹೇಳಿದ ಮಾತು ನನಗೆ ಯಾವ ಕಾನೂನು ಪುಸ್ತಕಕ್ಕಿಂತಲೂ ಹೆಚ್ಚು ಕಲಿಸಿದೆ. "ಒಪ್ಪಂದ ಅಂದ್ರೆ ಭಯದ ಪಟ್ಟಿ ಅಷ್ಟೆ. ಯಾವ ಸಾಲು ಯಾರ ಭಯ ಅಂತ ಗೊತ್ತಾದ್ರೆ ಮುಗೀತು, ಉಳಿದದ್ದು ಇಂಗ್ಲಿಷು." ಸಭೆಯಲ್ಲಿ ಅವರು ಮಾತಾಡಿದ್ದೂ ಇಂಗ್ಲಿಷಿನಲ್ಲೇ ಇರಬೇಕು. ನನ್ನ ನೆನಪಿನಲ್ಲಿ ಮಾತ್ರ ಮೇಡಂ ಎಲ್ಲರ ಹತ್ತಿರವೂ ಕನ್ನಡದಲ್ಲೇ ಮಾತಾಡುತ್ತಾರೆ. ಪುಟ ಅರವತ್ತಮೂರೋ ಮೂವತ್ತಾರೋ, ಅದಕ್ಕೂ ನಾನು ಜವಾಬ್ದಾರನಲ್ಲ.

ಇಷ್ಟು ಕಟ್ಟುನಿಟ್ಟಿನ ಮನುಷ್ಯರಿಗೆ ಕೆಲವು ಅರ್ಥವಾಗದ ಖಯಾಲಿಗಳೂ ಇದ್ದವು. ಯಾರಾದರೂ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡಿದರೆ ಸಿಟ್ಟು. ಮಸಾಲೆ ದೋಸೆಯ ಆಲೂಗಡ್ಡೆ ಪಲ್ಯವನ್ನು ಬೇರೆ ತಟ್ಟೆಗೆ ತೆಗೆದಿಟ್ಟು, ದೋಸೆ ಮುಗಿದ ಮೇಲೆ ತಿನ್ನುವುದು. ವರ್ಷಕ್ಕೆ ಒಂದು ಸಲ, ಸಂಜೆ ಹೊರಡುವಾಗ ಇದ್ದಕ್ಕಿದ್ದ ಹಾಗೆ, "ನಾಳೆ ನಿನಗೆ ಕೆಲಸ ಇಲ್ಲ, ಬರಬೇಡ" ಅನ್ನುವುದು. ಮೇಜಿನ ಮೇಲೆ ಫೈಲು ರಾಶಿ ಬಿದ್ದಿರುತ್ತಿತ್ತು. ನಾನು ಕಾರಣ ಕೇಳುತ್ತಿರಲಿಲ್ಲ. ಗಾಂಧಿನಗರಕ್ಕೆ ಹೋಗಿ ಮ್ಯಾಟ್ನಿ ನೋಡಿ ಬರುತ್ತಿದ್ದೆ.

ಇನ್ನು ಆ ಊದುಬತ್ತಿ ಕಂಪನಿ.

ಕಾಟನ್‌ಪೇಟೆಯಲ್ಲಿ ಅವರ ಆಫೀಸು. ತಂದೆ ಕಟ್ಟಿದ ಕಂಪನಿ, ಅವರು ಹೋದ ಮೇಲೆ ಮಗನಿಗೆ ಅರ್ಧ, ಮಗಳಿಗೆ ಅರ್ಧ. ಇಬ್ಬರೇ ಷೇರುದಾರರು, ಇಬ್ಬರೇ ಡೈರೆಕ್ಟರುಗಳು. ಅಣ್ಣ ವ್ಯಾಪಾರ ನೋಡಿಕೊಳ್ಳುತ್ತಿದ್ದರು, ಮಲ್ಲೇಶ್ವರಕ್ಕೆ ಕೊಟ್ಟ ತಂಗಿ ಸ್ಕೂಲಿನಲ್ಲಿ ಟೀಚರು. ಅಣ್ಣ ನಮ್ಮ ಆಫೀಸಿಗೆ ಬಂದು ಹೋದರೆ ಅವರು ಕೂತ ಕುರ್ಚಿ ಸಂಜೆಯವರೆಗೆ ಘಮಘಮ ಅನ್ನುತ್ತಿತ್ತು. ಅವರ ತಂದೆಯ ಕಾಲದಿಂದ ಮೇಡಂ ಆ ಕಂಪನಿಯ ವಕೀಲರು.

ಮೇಡಂಗೆ ಕಣ್ಣಿನ ಪೊರೆಯ ಆಪರೇಷನ್ ಆಗಿ ಹತ್ತು ದಿನ ಅವರು ಮಹಡಿಯಿಂದ ಇಳಿದಿರಲಿಲ್ಲ. ಆಗ ಅಣ್ಣ ಬಂದರು. ಬಾಂಬೆಯ ಒಂದು ದೊಡ್ಡ ಕಂಪನಿ ಅವರ ಕಂಪನಿಯಲ್ಲಿ ಪಾಲು ಕೊಳ್ಳಲು ಮುಂದೆ ಬಂದಿತ್ತು. ಕೊಳ್ಳುವ ಮುಂಚೆ ಮಿನಿಟ್ಸ್ ಬುಕ್ ನೋಡಬೇಕು ಅಂದಿತ್ತು. ಡೈರೆಕ್ಟರುಗಳ ಸಭೆಯಲ್ಲಿ ಏನೇನು ತೀರ್ಮಾನವಾಯಿತು ಅಂತ ಬರೆದಿಡುವ ಪುಸ್ತಕ ಅದು. ಮೂರು ವರ್ಷದ ಹಿಂದೆ ಅಣ್ಣ ತಮ್ಮೊಬ್ಬರದೇ ಹೆಸರಿಗೆ ಹೊಸ ಷೇರು ತೆಗೆದುಕೊಂಡಿದ್ದರು. ಅದರಿಂದ ತಂಗಿಯ ಅರ್ಧ ಪಾಲು ಕಾಲು ಪಾಲಾಗಿತ್ತು. ಆ ತೀರ್ಮಾನ ಪುಸ್ತಕದಲ್ಲಿ ಇರಲಿಲ್ಲ.

"ತಂಗಿಯವರು ಒಪ್ಪಿದಾರಾ ಸಾರ್?" ಅಂದೆ.

"ಒಪ್ದೆ ಏನ್ರೀ? ಅವಳು ನನ್ನ ಮಾತು ಮೀರಿದ್ದುಂಟಾ? ಬರ್ದಿಲ್ಲ ಅಷ್ಟೆ. ಎಲ್ಲ ಕಂಪನಿಯಲ್ಲೂ ವರ್ಷದ ಕೊನೇಲಿ ಕೂತು ಬರೆಯೋದೇ ತಾನೆ?"

"ಮೇಡಂ ಇಳಿದು ಬರಲಿ, ಒಂದು ಮಾತು ಕೇಳಿ..."

"ಕಣ್ಣಿಗೆ ಪಟ್ಟಿ ಕಟ್ಕೊಂಡು ಕೂತಿರೋರನ್ನ ಇದಕ್ಕೂ ಎಬ್ಬಿಸ್ತೀರಾ? ಎರಡೆರಡು ಡಿಗ್ರಿ ಓದಿದೀರಿ. ಸೋಮವಾರ ಪುಸ್ತಕ ಕೊಡಬೇಕು."

ಎಲ್ಲ ಸಣ್ಣ ಕಂಪನಿಗಳಲ್ಲೂ ಹೀಗೇ ಬರೆಯುತ್ತಾರೆ ಅನ್ನುವುದು ನಿಜ. ಮೇಡಂ ಆಫೀಸಿನಲ್ಲಿ ಬರೆಯುತ್ತಿರಲಿಲ್ಲ ಅನ್ನುವುದೂ ನನಗೆ ಗೊತ್ತಿತ್ತು. ಆದರೂ ಕೂತೆ. ಸಭೆಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳು ಇರಲೇಬೇಕು, ಆದ್ದರಿಂದ ತಂಗಿಯೂ ಹಾಜರಿದ್ದರು ಎಂದು ಬರೆಯಲೇಬೇಕು. ಯಾವ ದಿನ? ಅಣ್ಣನಿಂದ ಆ ವರ್ಷದ ಡೈರಿ ತರಿಸಿದೆ. ಭಾನುವಾರ ಬೇಡ, ಸರ್ಕಾರಿ ರಜೆ ಬೇಡ, ಅವರು ಊರಲ್ಲಿ ಇಲ್ಲದ ದಿನ ಬೇಡ, ಬೇರೆ ಕೆಲಸ ಇದ್ದ ದಿನ ಬೇಡ. ಹಲ್ಲಿನ ಡಾಕ್ಟರನ್ನು ನೋಡಿದ್ದನ್ನೂ ಬರೆದುಕೊಳ್ಳುವ ಮನುಷ್ಯ ಅವರು, ಎಲ್ಲ ಪುಟವೂ ತುಂಬಿತ್ತು. ಆಗಸ್ಟಿನ ಕೊನೆಯ ಹೊತ್ತಿಗೆ ಒಂದೇ ಒಂದು ಪುಟ ಬೆಳ್ಳಗೆ ಸಿಕ್ಕಿತು. ಒಂದು ಗೀಟೂ ಇಲ್ಲ. ನನಗೆ ಖುಷಿಯೇ ಆಯಿತು. 'ಬೆಳಿಗ್ಗೆ ಹನ್ನೊಂದು ಗಂಟೆಗೆ ಕಾಟನ್‌ಪೇಟೆ ಕಚೇರಿಯಲ್ಲಿ ಇಬ್ಬರೂ ಡೈರೆಕ್ಟರುಗಳು ಹಾಜರಿದ್ದು' ಎಂದು ಶುರುಮಾಡಿದೆ. ಸುಳ್ಳಿಗೆ ಸ್ವಲ್ಪ ಮೈ ಬರಲಿ ಅಂತ, ನಡುವೆ ಐದು ನಿಮಿಷ ವಿರಾಮವನ್ನೂ ಕೊಟ್ಟೆ. ಅಣ್ಣ ಸಹಿ ಮಾಡಿದರು.

ಬಾಂಬೆಯವರ ಪತ್ರ ತಂಗಿಯ ಮನೆಗೂ ಹೋಯಿತು. ಅದರಲ್ಲಿ ತನ್ನ ಪಾಲು ಕಾಲು ಎಂದು ಇದ್ದದ್ದನ್ನು ನೋಡಿ ಅವರಿಗೆ ತಿಳಿಯಿತು. ಕಂಪನಿಗಳ ಜಗಳ ತೀರಿಸುವ ಟ್ರಿಬ್ಯುನಲ್‌ಗೆ ಹೋದರು. ಅಂಥ ಸಭೆಗೆ ತಾವು ಹೋಗಿಲ್ಲ ಎಂದು ಅರ್ಜಿಯಲ್ಲಿ ಬರೆದಿದ್ದರು. ಹಾಗಾದರೆ ಆ ದಿನ ಎಲ್ಲಿದ್ದರು ಎಂದು ಅವರಿಗೂ ಹೇಳಲು ಬಂದಿರಲಿಲ್ಲ. ಮೂರು ವರ್ಷದ ಹಿಂದಿನ ಒಂದು ತಾರೀಖು ಯಾರಿಗೆ ನೆನಪಿರುತ್ತದೆ? ಒಂದು ಕಡೆ ಅವರ ಬಾಯಿಮಾತು, ಇನ್ನೊಂದು ಕಡೆ ಸಹಿಯಾದ ಪುಸ್ತಕ. ಆ ಹೆಣ್ಣುಮಗಳು ಸೋಲುವುದು ಖಂಡಿತವಿತ್ತು, ಸೋಲಿಸುತ್ತಿದ್ದದ್ದು ನನ್ನ ಬರಹ.

ಅಷ್ಟು ಹೊತ್ತಿಗೆ ಹೊಸ ಕಣ್ಣಿನಲ್ಲಿ ಆಫೀಸಿಗೆ ಇಳಿಯುತ್ತಿದ್ದ ಮೇಡಂ, ಅಣ್ಣನ ಪರವಾಗಿ ಉತ್ತರ ಬರೆಯಲು ಕೂತರು. ಫೈಲು ತೆರೆದರು, ಮನೆ ಪುಟ ನೋಡಿದರು, ಕುರ್ಚಿ ತಿರುಗಿಸಿ ಪಂಚಾಂಗದ ಕಟ್ಟು ತೆಗೆದರು. ಹೊರಗೆ ಗಿಣಿಹಸಿರು ಬಣ್ಣದ ಆಟೋ ಒಂದು ಸ್ಟಾರ್ಟ್ ಆಗದೆ ಒದ್ದಾಡುತ್ತಿತ್ತು. ಅದರ ಸದ್ದು ನಿಂತಾಗ ಕೇಳಿದರು.

"ಈ ತಾರೀಖು ಎಲ್ಲಿಂದ ಬಂತಪ್ಪಾ?"

ನಾನು ಕೂಡಲೇ ಒಪ್ಪಿಕೊಂಡೆ ಎಂದು ನನ್ನ ನೆನಪು. ಆ 'ಕೂಡಲೇ' ಮೇಲೆ ಈಗ ನನಗೆ ಭರವಸೆಯಿಲ್ಲ. ಒಪ್ಪಿಕೊಂಡದ್ದಂತೂ ಹೌದು. "ಅವರ ಡೈರಿಯಲ್ಲಿ ಆ ಪುಟ ಖಾಲಿ ಇತ್ತು ಮೇಡಂ."

"ಯಾಕೆ ಖಾಲಿ ಇತ್ತು ಅಂತ ಕೇಳಿದ್ಯಾ?"

"ಇಲ್ಲ."

"ಶ್ರಾವಣ ಬಹುಳ ದಶಮಿ. ಅವರಪ್ಪನ ತಿಥಿ. ಅದನ್ನ ಯಾರಾದ್ರೂ ಡೈರಿಯಲ್ಲಿ ಬರ್ಕೋತಾರೇನೋ?"

ನಾನು ಖಾಲಿ ಅಂದುಕೊಂಡದ್ದು ಆ ಮನೆಯಲ್ಲಿ ವರ್ಷದ ಅತ್ಯಂತ ತುಂಬಿದ ದಿನವಾಗಿತ್ತು. ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಬರೆಯುವುದಿಲ್ಲ. ತಂಗಿಗೆ ತಿಥಿ ಗೊತ್ತು, ಆದರೆ ಮೂರು ವರ್ಷದ ಹಿಂದೆ ಅದು ಯಾವ ತಾರೀಖಿಗೆ ಬಿದ್ದಿತ್ತು ಅಂತ ಗೊತ್ತಿಲ್ಲ. ಅವರ ವಕೀಲರಿಗೆ ತಾರೀಖು ಗೊತ್ತು, ತಿಥಿ ಗೊತ್ತಿಲ್ಲ. ಇವೆರಡನ್ನು ಒಂದೇ ಮೇಜಿನ ಮೇಲೆ ಇಡುವ ಅಭ್ಯಾಸವಿದ್ದದ್ದು ಒಬ್ಬರಿಗೆ, ಅವರು ನಮ್ಮ ಕಡೆಯ ವಕೀಲರು.

"ನನ್ನ ಸನ್ನದು ಹೋಗುತ್ತಾ ಮೇಡಂ?" ಅಂದೆ. ವಕೀಲಿ ಮಾಡುವ ಹಕ್ಕೇ ಹೋಗುತ್ತದೆ ಎಂಬ ಹೆದರಿಕೆ ನನಗೆ.

"ಮೊದಲು ಆ ಹೆಣ್ಣುಮಗಳ ಪಾಲು ಹೋಗಿದೆ. ಅದು ವಾಪಸ್ ಬರಲಿ. ನಿಂದು ಆಮೇಲೆ."

ಮಾರನೆಯ ದಿನ ಅಣ್ಣನನ್ನು ಕರೆಸಿದರು. ನಾನು ಮೂಲೆಯಲ್ಲಿ ಕೂತಿದ್ದೆ, ಇದರಲ್ಲಿ ಅನುಮಾನವಿಲ್ಲ.

"ಆವತ್ತು ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲಿದ್ರಿ?"

"ಮೀಟಿಂಗ್‌ನಲ್ಲಿ. ಬರ್ದಿದೆಯಲ್ಲ ಮೇಡಂ."

ಮೇಡಂ ಪಂಚಾಂಗವನ್ನು ಅವರ ಕಡೆ ತಿರುಗಿಸಿದರು. ಅಣ್ಣ ತುಟಿ ಅಲ್ಲಾಡಿಸುತ್ತಾ ಓದಿದರು. ಎರಡನೆಯ ಸಲ ಓದಿದರು. ದನಿ ಇಳಿಯಿತು.

"ಹನ್ನೊಂದಕ್ಕೆ ಒದ್ದೆ ಪಂಚೆಯಲ್ಲಿದ್ದೆ." ಆಮೇಲೆ ಸಾವರಿಸಿಕೊಂಡು, "ಆದ್ರೆ ಅವಳೂ ಅಲ್ಲೇ ಇದ್ಲು ಮೇಡಂ, ಅಡುಗೆ ಮನೇಲಿ. ಹಾಜರಿದ್ಲು ಅಂತ ಬರೆದಿರೋದು ಪೂರ್ತಿ ಸುಳ್ಳೇನಲ್ಲ."

"ಊಟಕ್ಕೆ ಹಾಜರಿದ್ರು. ಷೇರಿಗಲ್ಲ."

"ಅವಳ ಲಾಯರಿಗೆ ಇದು ಗೊತ್ತಿಲ್ವಲ್ಲ."

ಮೇಡಂ ಕನ್ನಡಕ ತೆಗೆದರು. ಒಂದು ಗಾಜು ಒರೆಸಿದರು. ಅಣ್ಣ ಏನೂ ಅನ್ನಲಿಲ್ಲ. ಎರಡನೆಯ ಗಾಜು ಒರೆಸಿದರು. ಆಗಲೂ ಅನ್ನಲಿಲ್ಲ. ಆ ಒಂದು ಸಲ ಮಾತ್ರ ಮೇಡಂ ಬಾಯಿಬಿಡಬೇಕಾಯಿತು.

"ನಾನು ಈ ಪುಸ್ತಕ ಹಿಡ್ಕೊಂಡು ಎದ್ದು ನಿಲ್ಲಲಾರೆ. ಬೇರೆಯವರು ನಿಲ್ತಾರೆ, ಫೈಲು ಈಗಲೇ ಕಟ್ಟಿಕೊಡ್ತೀನಿ, ಈ ವಿಷಯ ನನ್ನ ಬಾಯಿಂದ ಹೊರಗೆ ಹೋಗಲ್ಲ. ನೀವು ಗೆಲ್ಲಲೂಬಹುದು. ಗೆದ್ರೆ ಆರ್ಡರಿನಲ್ಲಿ ಏನು ಬರುತ್ತೆ ಗೊತ್ತಾ? ಇಂಥ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅಣ್ಣ ತಂಗಿ ಆಫೀಸಿನಲ್ಲಿ ಕೂತು ಷೇರು ಹಂಚ್ಕೊಂಡ್ರು ಅಂತ. ಆವತ್ತು ನಿಮ್ಮಪ್ಪ ಮನೆಗೆ ಊಟಕ್ಕೆ ಬರೋ ದಿನ. ನೀವಿಬ್ಬರೂ ಮನೇಲಿರಲಿಲ್ಲ ಅಂತ ಸರ್ಕಾರದ ಕಾಗದದಲ್ಲಿ ಖಾಯಂ ಆಗಿ ಇರುತ್ತೆ. ಇರಲಿ ಅಂತೀರಾ?"

ಅಣ್ಣ ಎದ್ದು ಹೊರಗೆ ಹೋದರು. ಗೇಟಿನ ಹತ್ತಿರ ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಹಾಕಿಕೊಳ್ಳದೆ ಬಹಳ ಹೊತ್ತು ನಿಂತಿದ್ದರು. ಕಾನೂನಿನ ಎಷ್ಟು ಸೆಕ್ಷನ್ ಹೇಳಿದ್ದರೂ ಆ ಮನುಷ್ಯ ಬಗ್ಗುತ್ತಿರಲಿಲ್ಲ. ಜೈಲಿನ ಹೆದರಿಕೆ ಹಾಕಿದ್ದರೂ ಬಗ್ಗುತ್ತಿರಲಿಲ್ಲ. ಯಾವ ಸಾಲು ಯಾರ ಭಯ ಎಂದು ಮೇಡಂಗೆ ಗೊತ್ತಿತ್ತು. ವಾಪಸ್ ಬಂದು ಅವರು ಕೂರಲಿಲ್ಲ.

"ತೆಗೆದುಬಿಡಿ ಮೇಡಂ. ಅದು ಇರೋದು ಬೇಡ."

ಮುಂದಿನದು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ಭಾಗ. ಪಾಠ ಮಾಡುವಾಗ ಹೇಳಿದ್ದೇನೆ, ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಪುಸ್ತಕಕ್ಕೆ ಮೊದಲ ಸಲ ಬರೆದದ್ದೂ ಇದನ್ನೇ. ಟ್ರಿಬ್ಯುನಲ್‌ನಲ್ಲಿ ಮೇಡಂ ಎದ್ದು ನಿಂತು, ಆ ದಿನ ಅಂಥ ಸಭೆ ನಡೆದಿಲ್ಲ, ಆ ಬರಹವನ್ನು ವಾಪಸ್ ಪಡೆಯುತ್ತಿದ್ದೇವೆ ಅಂದರು. ಇದನ್ನು ಬರೆದವರು ಯಾರು ಎಂದು ಪೀಠದಿಂದ ಪ್ರಶ್ನೆ ಬಂತು. ನಾನು ಎದ್ದು ನಿಂತೆ. ಬಾಯಿ ತೆರೆಯುವಷ್ಟರಲ್ಲಿ ಮೇಡಂ ಎಡಗೈಯಲ್ಲಿ ನನ್ನ ಕಪ್ಪು ಕೋಟಿನ ತುದಿ ಹಿಡಿದು ಕೆಳಗೆ ಎಳೆದರು. "ನನ್ನ ಆಫೀಸಿನಲ್ಲಿ ತಯಾರಾದದ್ದು. ಹೊಣೆ ನನ್ನದು" ಅಂದರು. ಇಷ್ಟು ವರ್ಷ ಕೆಲಸ ಮಾಡಿದವರಿಂದ ಇದನ್ನು ನಿರೀಕ್ಷಿಸಿರಲಿಲ್ಲ ಎಂದು ಅವರಿಗೆ ಛೀಮಾರಿಯಾಯಿತು. ಆರ್ಡರಿನಲ್ಲೂ ಆ ಮಾತು ಸೇರಿತು. ನಲವತ್ತು ವರ್ಷದ ಹೆಸರಿಗೆ ಅದೊಂದೇ ಕಲೆ. ತಂಗಿಗೆ ಅರ್ಧ ಪಾಲು ವಾಪಸ್ ಬಂತು. ಬಾಂಬೆಯವರು ಹೊರಟುಹೋದರು. ಕೆಲವು ತಿಂಗಳ ಮೇಲೆ ಅಣ್ಣ ಕಂಪನಿಯ ಫೈಲುಗಳನ್ನೆಲ್ಲ ಬೇರೆ ವಕೀಲರಿಗೆ ಕೊಂಡೊಯ್ದರು. ಕಟ್ಟಿಕೊಡುವಾಗ ಮೇಡಂ ದಾರದ ಗಂಟನ್ನು ತಾವೇ ಬಿಗಿದರು. ನನ್ನ ಸನ್ನದಿನ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಇದನ್ನು ಗುಮಾಸ್ತರು ಚಾಮರಾಜಪೇಟೆಯ ಆಫೀಸಿನಲ್ಲಿ, ಅರ್ಧ ಖಾಲಿಯಾದ ಕಪಾಟುಗಳ ನಡುವೆ, ಸ್ಟೂಲಿನ ಮೇಲೆ ಕೂತು ಓದಿದರು. ಮುಗಿಸಿ ಹಾಳೆಗಳನ್ನು ನೇರ ಮಾಡಿದರು.

"ಚೆನ್ನಾಗಿದೆ ಸಾರ್. ಆದ್ರೆ ಆವತ್ತು ನೀವೆಲ್ಲಿ ಬಂದಿದ್ರಿ?"

"ಎಲ್ಲಿ ಅಂದ್ರೆ? ಟ್ರಿಬ್ಯುನಲ್‌ನಲ್ಲಿ ಮೇಡಂ ಪಕ್ಕದಲ್ಲೇ ಕೂತಿದ್ನಲ್ಲ."

"ಪಕ್ಕದಲ್ಲಿ ಕೂತಿದ್ದು ನಾನು ಸಾರ್. ಫೈಲು ಹೊತ್ತಿದ್ದೂ ನಾನೇ. ಮೇಡಂ ಯಾರ ಕೋಟೂ ಎಳೀಲಿಲ್ಲ. ನನಗೆ ಕೋಟೇ ಇಲ್ಲ." ಹಾಳೆಗಳನ್ನು ನನ್ನ ಕೈಗೆ ಕೊಡುತ್ತಾ, "ಆವತ್ತು ಅಲ್ಲಿ ನಡೆದಿದ್ದನ್ನ ಮಾರನೇ ದಿನ ನಿಮಗೆ ನಾನೇ ಹೇಳಿದ್ನಲ್ಲ ಸಾರ್. ನೀವು ಆ ಬಾಗಿಲ ಹತ್ರ ನಿಂತ್ಕೊಂಡು ಅತ್ರಿ" ಅಂದರು.

ನನಗೆ ಅತ್ತದ್ದು ನೆನಪಿಲ್ಲ. ಕೋಟು ಎಳೆದದ್ದು ಈಗಲೂ ನೆನಪಿದೆ, ಬಟ್ಟೆ ಬಿಗಿಯಾದದ್ದು ಹೆಗಲಿಗೆ ಇನ್ನೂ ತಿಳಿಯುತ್ತದೆ.

"ಹಾಗಾದ್ರೆ ನಾನೆಲ್ಲಿದ್ದೆ?"

ಗುಮಾಸ್ತರು ಎದ್ದು ಒಳಗಿನ ಕಪಾಟಿನಿಂದ ಒಂದು ತೆಳ್ಳನೆಯ ಫೈಲು ತಂದರು. ಮೇಲೆ 'ಆಫೀಸು' ಎಂದು ಬರೆದಿತ್ತು. ನಾನು ಅದನ್ನು ಹಿಂದೆ ಕಂಡಿರಲಿಲ್ಲ. ಅಲ್ಲಿ ಕೆಲಸ ಮಾಡಿದ ಒಬ್ಬೊಬ್ಬರಿಗೂ ಒಂದೊಂದು ಮನೆ ಪುಟ. ನನ್ನದನ್ನು ತೆಗೆದುಕೊಟ್ಟರು. ಓಕಳಿಪುರಂ, ತಮ್ಮ ತುಮಕೂರಿನಲ್ಲಿ, ತಾಯಿ ಅಲ್ಲೇ. ಕೆಳಗೆ ಅವರ ಓರೆ ಅಕ್ಷರದಲ್ಲಿ: 'ಅಪ್ಪ. ಮಾರ್ಗಶಿರ ಶುದ್ಧ ತದಿಗೆ. ಇವನಿಗೆ ಮನೆಯವರು ಹೇಳುವುದಿಲ್ಲ. ನಂಬಿಕೆ ಇಲ್ಲ ಎನ್ನುತ್ತಾನೆ. ಆ ದಿನ ಇವನಿಗೆ ಕೆಲಸ ಕೊಡಬಾರದು.' ಅದರ ಕೆಳಗೆ ನಾಲ್ಕು ವರ್ಷದ ನಾಲ್ಕು ತಾರೀಖುಗಳು, ಒಂದರ ಕೆಳಗೊಂದು. ಪ್ರತಿ ವರ್ಷ ಬೇರೆ ತಾರೀಖು, ಪ್ರತಿ ವರ್ಷ ಬೇರೆ ಪೆನ್ನು.

ಮನೆಗೆ ಬಂದು ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ. ಜೂನಿಯರ್ ಆಗಿದ್ದಾಗಿನ ನಾಲ್ಕು ಡೈರಿಗಳು ಅದರಲ್ಲಿದ್ದವು. ಮೊದಲ ವರ್ಷ ಆ ತಾರೀಖಿನ ಪುಟ ಖಾಲಿ. ಎರಡನೆಯ ವರ್ಷವೂ ಖಾಲಿ. ಮೂರನೆಯದರಲ್ಲಿ 'ಗಾಂಧಿನಗರ, ಮ್ಯಾಟ್ನಿ' ಎಂದಿತ್ತು. ನಾಲ್ಕನೆಯ ವರ್ಷದ ಪುಟದಲ್ಲಿ 'ಟ್ರಿಬ್ಯುನಲ್, ಊದುಬತ್ತಿ' ಎಂದು ಬರೆದು ಹೊಡೆದುಹಾಕಿತ್ತು. ಕೆಳಗೆ ನನ್ನದೇ ಅಕ್ಷರ: 'ಮೇಡಂ ಒಬ್ಬರೇ ಹೋಗ್ತಾರಂತೆ. ನನಗೆ ರಜೆ.'

ಆ ದಿನ ನನ್ನನ್ನು ಬರಬೇಡ ಅಂದದ್ದು ಛೀಮಾರಿಯಿಂದ ಉಳಿಸಲಿಕ್ಕೋ, ಅಪ್ಪನ ತಿಥಿ ಎನ್ನುವ ಕಾರಣಕ್ಕೋ ನನಗೆ ಗೊತ್ತಿಲ್ಲ. ವಿಚಾರಣೆಯ ದಿನವನ್ನು ಕೊಟ್ಟದ್ದು ಟ್ರಿಬ್ಯುನಲ್, ಮೇಡಂ ಅಲ್ಲ. ಎರಡೂ ಒಂದೇ ದಿನ ಬಿದ್ದವು ಅಷ್ಟೆ. ಫೋನ್ ಮಾಡಿ ಕೇಳಿದರೆ ಗುಮಾಸ್ತರು, "ಎರಡೂ ಇರಬಹುದು ಸಾರ್, ಮೇಡಂ ಒಂದು ಕೆಲಸಕ್ಕೆ ಒಂದೇ ಕಾರಣ ಇಟ್ಕೊಂಡಿರ್ತಿರಲಿಲ್ಲ" ಅಂದರು. ಮೇಡಂ ಎದ್ದು ನಿಂತು ನನ್ನ ತಪ್ಪನ್ನು ತಮ್ಮ ಹೆಸರಿಗೆ ಬರೆಸಿಕೊಂಡ ಹೊತ್ತಿನಲ್ಲಿ ನಾನು ಎಲ್ಲಿದ್ದೆನೋ, ಬಹುಶಃ ಯಾವುದೋ ಥಿಯೇಟರಿನಲ್ಲಿದ್ದೆ. ಯಾವ ಸಿನಿಮಾ ಅಂತ ಎಷ್ಟು ನೆನೆಸಿಕೊಂಡರೂ ಬರಲಿಲ್ಲ.

ನಾಲ್ಕು ವರ್ಷ ನನ್ನ ಡೈರಿಯಲ್ಲೇ ಆ ಪುಟಗಳಿದ್ದವು. ಯಾಕೆ ರಜೆ, ಯಾಕೆ ಖಾಲಿ ಎಂದು ನಾನು ಕೇಳಲಿಲ್ಲ.

ಸತ್ತವರು ಊಟಕ್ಕೆ ಬರುತ್ತಾರೆ ಎಂಬುದರಲ್ಲಿ ನನಗೆ ಈಗಲೂ ನಂಬಿಕೆಯಿಲ್ಲ. ಆದರೆ ಮೊನ್ನೆ ಆಫೀಸಿಗೆ ಹೋದಾಗ ಮೊಳೆಗೆ ಇನ್ನೂ ನೇತಾಡುತ್ತಿದ್ದ ಈ ವರ್ಷದ ಪಂಚಾಂಗವನ್ನು ತೆಗೆಸಿ, ಮಾರ್ಗಶಿರ ಶುದ್ಧ ತದಿಗೆ ಯಾವ ದಿನ ಬರುತ್ತದೆ ಅಂತ ನೋಡಿದೆ. ಬುಧವಾರವೋ ಗುರುವಾರವೋ ಎಂಬ ಗೊಂದಲ ಬೇಡ ಅಂತ ಗುಮಾಸ್ತರು ಪೆನ್ಸಿಲಿನಲ್ಲಿ ಅಂಚಿಗೆ ಗುರುತು ಹಾಕಿದರು. ಆ ದಿನ ಕಾಲೇಜಿನಲ್ಲಿ ನನಗೆ ಮೂರು ತರಗತಿ ಇದ್ದವು, ಮೂರನ್ನೂ ಬೇರೆ ದಿನಕ್ಕೆ ಬದಲಾಯಿಸಿಕೊಂಡಿದ್ದೇನೆ. ತುಮಕೂರಿಗೆ ಹೋಗುತ್ತೇನೋ ಮನೆಯಲ್ಲೇ ಇರುತ್ತೇನೋ ತೀರ್ಮಾನಿಸಿಲ್ಲ. ಡೈರಿಯಲ್ಲಿ ಆ ಪುಟದ ಮೇಲೆ ಏನೂ ಬರೆದಿಲ್ಲ. ಯಾಕೆ ಖಾಲಿ ಅಂತ ಯಾರಾದರೂ ಕೇಳಿದರೆ ಹೇಳುತ್ತೇನೆ.